ಕಲ್ಲು ಕುಡಿದ ಹಾಲು

“ತೆಗೆಯುದಾ, ಬೇಡ್ವಾ ಸರ್?”

ಸೇವಂತಿ ಕೇಳಿದ್ದು ಕತ್ತಿನ ಕರಿಮಣಿಯ ವಿಷಯ. ಠಾಣೆಯ ಬೆಂಚಿನ ತುದಿಯಲ್ಲಿ ಕುಳಿತು, ಮರ್ಕಂಜದ ಬಸ್ಸು ಹೊರಟಿತೋ ಇಲ್ಲವೋ ಎಂದು ವಿಚಾರಿಸುವವರ ಸಮಾಧಾನದಲ್ಲಿ ಕೇಳಿದ್ದಳು.

ಸಬ್ ಇನ್ಸ್‌ಪೆಕ್ಟರ್ ತೀರ್ಥರಾಮ ನೌಕರಿಗೆ ಸೇರಿದ ಮೇಲೆ ಜನರನ್ನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಉತ್ತರ ಹೇಳಬೇಕಾಗಿ ಬಂದದ್ದು ಕಡಿಮೆ. ಅವನು ಟೋಪಿಯನ್ನು ಮೇಜಿನ ಈಚೆಯಿಂದ ಆಚೆಗೆ ಸರಿಸಿದ.

“ಸ್ವಲ್ಪ ತಡೀರಿ ಸೇವಂತಕ್ಕ. ಎಲುಬಿನ ಪರೀಕ್ಷೆ ಪೂರ್ತಿ ಆಗ್ಲಿಲ್ಲ.”

“ಆಯ್ತು ಅಂತ ನಿನ್ನೆ ಟಿವಿಯಲ್ಲಿ ಬಂತಲ್ಲ.”

“ಟಿವಿಯವರಿಗೆ ಬೇಗ ಆಗ್ತದೆ.”

ಎದುರಿನ ಬೆಂಚಿನಲ್ಲಿ ಮೇದಪ್ಪ ಕುಳಿತಿದ್ದ. ಸೇವಂತಿಯ ಗಂಡನ ಅಣ್ಣ. ಬೆಳಗಿನಿಂದ ಯಾವ ಪ್ರಶ್ನೆ ಕೇಳಿದರೂ ತನ್ನ ಅರೆಭಾಷೆಯಲ್ಲಿ ಅವನದು ಒಂದೇ ಉತ್ತರ: “ನಂಗೆ ಗೊತ್ಲೆ.” ನನಗೆ ಗೊತ್ತಿಲ್ಲ. ತೀರ್ಥರಾಮನ ಮನೆಮಾತೂ ಅರೆಭಾಷೆಯೇ. ಆ ಎರಡು ಪದಗಳನ್ನು ಸುಳ್ಳು ಹೇಳುವವರು ಎಷ್ಟು ಚೆನ್ನಾಗಿ ಬಳಸುತ್ತಾರೆ ಎಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತು.

ನಡೆದದ್ದು ಇಷ್ಟು. ಮೇದಪ್ಪನ ಗುಡ್ಡದಲ್ಲಿ ರಬ್ಬರ್ ಸಸಿಗೆ ಜಾಗ ಮಾಡುತ್ತಿದ್ದ ಜೆಸಿಬಿ, ಹಳೆಯ ನಾಗಬನದ ಸುತ್ತ ಕಟ್ಟಿದ ಪಾಗಾರದೊಳಗೆ ಸಿಮೆಂಟು ಮೆತ್ತಿದ್ದ ಒಂದು ಕಲ್ಲನ್ನು ಎತ್ತಿತು. ಅಡಿಯಲ್ಲಿ ಕೆಂಪು ಮುರಕಲ್ಲು ಕೊರೆದು ಮಾಡಿದ ಗುಹೆ. ಅದಕ್ಕೆ ನೆತ್ತಿಯಲ್ಲೊಂದು ದುಂಡು ಬಾಯಿ. ಒಳಗೆ ಒಡೆದ ಮಡಕೆ, ಎಲುಬು. ಊರಿನವರು ಪಾಂಡವರದು ಎಂದರು. ಪೊಲೀಸರು ಬೋಜಪ್ಪನದು ಎಂದರು.

ಬೋಜಪ್ಪ ಸೇವಂತಿಯ ಗಂಡ. ಇಪ್ಪತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ರಬ್ಬರ್ ಶೀಟಿನ ಕಟ್ಟು ಹೊತ್ತು ಸುಳ್ಯಕ್ಕೆಂದು ಹೊರಟವನು ಸುಳ್ಯ ಮುಟ್ಟಲಿಲ್ಲ, ಮನೆಗೂ ಮರಳಲಿಲ್ಲ. ಹೆಣ ಸಿಗಲಿಲ್ಲ. ಬೊಜ್ಜ ಮಾಡಲಿಲ್ಲ. ಹೆಣವಿಲ್ಲದೆ ಉತ್ತರಕ್ರಿಯೆ ಮಾಡಲು ಮೇದಪ್ಪ ಒಪ್ಪಲಿಲ್ಲ. ಹೊಸ ಅಕ್ಕಿ ಊಟದ ದಿನ ಇವತ್ತಿಗೂ ತಮ್ಮನ ಹೆಸರಿನಲ್ಲಿ ಒಂದು ಎಲೆ ಹಾಕಿಸುತ್ತಾನೆ. ಅದು ಪ್ರೀತಿ ಎಂದು ಕೆಲವರು, ನಾಟಕ ಎಂದು ಬಹಳ ಮಂದಿ.

ಪಾಂಡವರೋ ಬೋಜಪ್ಪನೋ ಎಂದು ತೀರ್ಮಾನಿಸಿದವಳು ಅನಘಾ. ಪುತ್ತೂರು ಕಡೆಯ ಹುಡುಗಿ. ಪುರಾತನ ಎಲುಬುಗಳಿಗೆ ಅವಕೆಂಪು ಬೆಳಕು ಹಾಯಿಸಿ, ಅದರಲ್ಲಿ ಜೀವದ ಅಂಶ ಇನ್ನೂ ಉಳಿದಿದೆಯೇ ಎಂದು ನೋಡುವುದು ಅವಳ ಉದ್ಯೋಗ. ಎಲ್ಲ ಎಲುಬುಗಳಲ್ಲೂ ಪ್ರೋಟೀನು ಇದೆ ಎಂದು ಅವಳು ನಿನ್ನೆ ಹೇಳಿದ್ದಳು. ನಮ್ಮ ಕೆಂಪು ಮಣ್ಣಿನ ಹುಳಿಯಲ್ಲಿ ಪ್ರೋಟೀನು ಸಾವಿರ ವರ್ಷ ಬಾಳುವುದಿಲ್ಲ. ಇದೆ ಎಂದರೆ ಎಲುಬು ಇತ್ತೀಚಿನದು. ಇತ್ತೀಚೆಗೆ ಆ ಮನೆಯಿಂದ ಕಾಣೆಯಾದವನು ಒಬ್ಬನೇ.

ಸಂಜೆ ಡಿವೈಎಸ್ಪಿ ಸಾಹೇಬರ ಪತ್ರಿಕಾಗೋಷ್ಠಿ. ಮೇದಪ್ಪನ ಬಂಧನದ ಕಾಗದ ಸಿದ್ಧವಾಗಿತ್ತು. ಬಾಕಿ ಇದ್ದದ್ದು ತೀರ್ಥರಾಮನ ಸಹಿ.

ಪೆನ್ನು ಕೈಗೆತ್ತಿಕೊಂಡಾಗ ಫೋನು ಬಂತು.

“ಸರ್, ಸಹಿ ಹಾಕಿದ್ರಾ?” ಅನಘಾಳ ದನಿ.

“ಹಾಕ್ತಾ ಇದ್ದೇನೆ.”

“ಹಾಕ್ಬೇಡಿ. ಕಲ್ಲಿನಲ್ಲೂ ಪ್ರೋಟೀನು ಉಂಟು.”

*

ಸುಳ್ಯದ ಕಾಲೇಜೊಂದು ಅನಘಾಳಿಗೆ ತನ್ನ ರಸಾಯನ ಪ್ರಯೋಗಾಲಯದ ಒಂದು ಮೂಲೆಯನ್ನು ಬಿಟ್ಟುಕೊಟ್ಟಿತ್ತು. ಟಿಫಿನ್ ಕ್ಯಾರಿಯರ್‌ನಷ್ಟು ದೊಡ್ಡ ಯಂತ್ರ. ಅದಕ್ಕೆ ಅಂಟಿಕೊಂಡ ಲ್ಯಾಪ್‌ಟಾಪು. ಬಿಳಿ ಟ್ರೇಗಳಲ್ಲಿ ಹತ್ತಿಯ ಮೇಲೆ ಮಲಗಿಸಿದ ಎಲುಬುಗಳು. ಯಾರ ಎಲುಬೇ ಆಗಲಿ, ಇಷ್ಟು ಮೆತ್ತಗೆ ಅವನ್ನು ಜೀವಂತವಿದ್ದಾಗ ಯಾರೂ ಮಲಗಿಸಿರಲಾರರು ಎಂದುಕೊಂಡ ತೀರ್ಥರಾಮ.

“ಕೂತ್ಕೊಳ್ಳಿ ಸರ್. ಇದು ನಿನ್ನೆಯದು.”

ತೆರೆಯ ಮೇಲೆ ಒಂದು ಗೆರೆ. ಪ್ರತಿ ವಸ್ತುವೂ ಬೆಳಕಿನಲ್ಲಿ ತನ್ನ ಪಾಲನ್ನು ನುಂಗಿ ಉಳಿದದ್ದನ್ನು ವಾಪಸು ಕೊಡುತ್ತದೆ, ನುಂಗಿದ ಕಡೆ ಗೆರೆ ಏಳುತ್ತದೆ ಎಂದು ಅವಳು ಹಿಂದೆಯೇ ವಿವರಿಸಿದ್ದಳು. ಬಲಗಡೆಯ ದೊಡ್ಡ ಗುಡ್ಡ ಎಲುಬಿನ ಸುಣ್ಣದಂಶ. ಎಡಕ್ಕೆ ಅಕ್ಕತಂಗಿಯರಂತೆ ಎರಡು ಸಣ್ಣ ಗುಡ್ಡ: ಪ್ರೋಟೀನು. ಗುಡ್ಡ ನೋಡಿ ಊರು ಹೇಳುವ ವಿದ್ಯೆ. ಘಟ್ಟದ ಬುಡದಲ್ಲಿ ಹುಟ್ಟಿದ ತೀರ್ಥರಾಮನಿಗೆ ಬೇಗ ಅರ್ಥವಾಗಿತ್ತು.

“ಇದು?” ಅವಳು ಇನ್ನೊಂದು ಗೆರೆ ತಂದಳು.

“ದೊಡ್ಡ ಗುಡ್ಡದ ಆಕಾರ ಬೇರೆ. ಸಣ್ಣ ಗುಡ್ಡ ಎರಡು ಇವೆ. ಇದು ಯಾವ ಎಲುಬು?”

“ಎಲುಬಲ್ಲ ಸರ್. ಗುಹೆಯ ಗೋಡೆ. ಬಾಯಿಯ ಕೆಳಗಿನ ಮುರಕಲ್ಲು.”

“ಕಲ್ಲಿಗೆ ಎಂತ ಪ್ರೋಟೀನು ಮಾರಾಯ್ರೆ?”

“ನಾನೂ ಅದನ್ನೇ ಕೇಳಿದ್ದು. ನಿನ್ನೆಯೇ ಕೇಳಬೇಕಿತ್ತು.” ಅವಳ ಕಣ್ಣುಗಳು ನಿದ್ದೆ ಕಾಣದೆ ಕೆಂಪಾಗಿದ್ದವು. “ಸರ್, ಆ ಬಾಯಿಯ ಮೇಲೆ ಮೊದಲು ಎಂತ ಇತ್ತು?”

“ನಾಗನ ಕಲ್ಲು. ಜ್ಯೋತಿಷ್ಯದ ಪ್ರಶ್ನೆಯಲ್ಲಿ ಕಂಡುಬಂತು ಅಂತ ಆಮೇಲೆ ರಸ್ತೆ ಬದಿಗೆ ತಂದ್ರು. ಟೈಲ್ಸ್ ಹಾಕಿದ ಕಟ್ಟೆ, ಸ್ಟೀಲಿನ ಗೇಟು.”

“ನಾಗನಿಗೆ ಎಂತ ಎರೆಯುದು?”

ತೀರ್ಥರಾಮನಿಗೆ ಚಿಕ್ಕಂದಿನಲ್ಲಿ ಅಜ್ಜನ ಹಿಂದೆ ತಾಮ್ರದ ಚೆಂಬು ಹಿಡಿದು ಬನಕ್ಕೆ ಹೋದದ್ದು ನೆನಪಾಯಿತು. ತನು. ಹಾಲು ಮತ್ತು ಬೊಂಡದ ಎಳನೀರು.

“ಹಾಲು,” ಎಂದ, ಆರೋಪಿ ತನ್ನ ಹೆಸರು ಹೇಳುವ ಹಾಗೆ.

ತಲೆತಲಾಂತರದಿಂದ ಆ ಕಲ್ಲಿಗೆ ಹಾಲೆರೆದಿದ್ದರು. ಹಾಲು ಕಲ್ಲಿನ ಬುಡದಲ್ಲಿ ಇಳಿದು ಕಾಣೆಯಾಗುತ್ತಿತ್ತು. ನಾಗ ಕುಡಿದ ಎಂದು ಹಿರಿಯರು. ಅಡಿಯಲ್ಲಿದ್ದ ಎಲುಬು ಕುಡಿಯಿತು ಎಂದು ಯಂತ್ರ. ಹಾಲು ಖಾಲಿಯಾದದ್ದರ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

“ಆ ಬನದ ಪೂಜೆಯ ಭಟ್ಟರು ಆಗ ನನ್ನ ಅಪ್ಪ,” ಅಂದಳು ಅನಘಾ. “ಶಾಲೆಗೆ ರಜೆ ಇದ್ದಾಗ ಹಾಲಿನ ಪಾತ್ರೆ ಹಿಡಿದು ನಾನೂ ಹೋಗ್ತಿದ್ದೆ. ನಾನು ಹೊತ್ತು ತಂದ ಹಾಲನ್ನು ನನ್ನ ಯಂತ್ರವೇ ತೋರಿಸಿತು. ನಾನು ಅದನ್ನು ಮನುಷ್ಯ ಅಂದೆ.”

“ನಿಮಗೆ ಹೊಳೆಯಲಿಲ್ವಾ?”

“ಹೊರಗಿನವರು ಆಗಿದ್ದರೆ ಇದರ ಮೇಲೆ ಎಂತ ಸುರಿದಿದ್ದೀರಿ ಅಂತ ಮೊದಲು ಕೇಳ್ತಿದ್ರು ಸರ್. ನಾವು ಕೇಳುದಿಲ್ಲ. ನಾಗನಿಗೆ ಕೊಟ್ಟದ್ದು ಕೊಟ್ಟಾಯ್ತು. ಮತ್ತೆ ಅದು ಎಲ್ಲಿ ಹೋಯ್ತು ಅಂತ ಹಿಂದೆ ನೋಡುವ ಕ್ರಮ ನಮ್ಮಲ್ಲಿ ಎಲ್ಲುಂಟು?”

ಹಳೆಯ ಎಲುಬಿಗೆ ಗಾಯವಾಗಬಾರದು ಎಂದು ಯಂತ್ರವನ್ನು ಬರೀ ಮೈಗೆ ತಾಗಿಸಿ ನೋಡುವುದು ವಾಡಿಕೆ. ಮೈಯಲ್ಲಿದ್ದದ್ದು ಹಾಲು. ಇವತ್ತು ಅವಳು ಕೂದಲಿನಷ್ಟು ಸಪೂರದ ಡ್ರಿಲ್ಲು ಹಾಕಿ, ಪ್ರತಿ ಎಲುಬಿನ ಒಳಗಿನಿಂದ ಚಿಟಿಕೆ ಹುಡಿ ತೆಗೆದು ನೋಡಿದ್ದಳು. ತೆರೆಯ ಮೇಲೆ ಈಗ ದೊಡ್ಡ ಗುಡ್ಡ ಒಂದೇ. ಪಕ್ಕದಲ್ಲಿ ಬಯಲು.

“ಹೊರಗೆ ಹಾಲು, ಒಳಗೆ ಖಾಲಿ. ಇಪ್ಪತ್ತು ವರ್ಷದಲ್ಲಿ ಒಂದು ಎಲುಬು ಇಷ್ಟು ಖಾಲಿ ಆಗುದಿಲ್ಲ. ಮಡಕೆಗಳೂ ಹಾಗೇ ಹೇಳ್ತವೆ. ಇವರು ಯಾರೋ ತುಂಬ ಹಿಂದಿನವರು ಸರ್. ಬೋಜಪ್ಪ ಅಲ್ಲ.”

ತೀರ್ಥರಾಮನಿಗೆ ಕರಿಮಣಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. “ಹಾಗಾದ್ರೆ ಮೇದಪ್ಪನನ್ನು ಮನೆಗೆ ಕಳಿಸ್ಬಹುದು.”

“ತಡೀರಿ.”

ಅವಳು ಬೇರೆಯಾಗಿ ಕಾಗದದಲ್ಲಿ ಸುತ್ತಿಟ್ಟಿದ್ದ ಒಂದನ್ನು ಬಿಚ್ಚಿದಳು. ಮುಂಗೈಯ ಎಲುಬು. ನಡುವೆ ಗಂಟು ಕಟ್ಟಿದಂತೆ ಉಬ್ಬು. ಉಬ್ಬಿನಿಂದ ಮುಂದಕ್ಕೆ ತುಸು ಸೊಟ್ಟ.

“ಇದೊಂದು ಉಲ್ಟಾ. ಇದರ ಹೊರಗೆ ಹಾಲಿಲ್ಲ. ಒಳಗೆ ಪ್ರೋಟೀನು ಉಂಟು. ತುಂಬ ಉಂಟು. ನಿನ್ನೆ ಮೈಯಲ್ಲಿ ಕಂಡದ್ದು ಇದರದೇ ಸ್ವಂತದ್ದು. ಎಲ್ಲದರಲ್ಲೂ ಕಂಡ ಕಾರಣ ಇದರ ವ್ಯತ್ಯಾಸ ನಂಗೆ ಗೊತ್ತಾಗ್ಲಿಲ್ಲ.”

ತೀರ್ಥರಾಮ ಅದನ್ನು ಮುಟ್ಟಲಿಲ್ಲ. ಸೇವಂತಿ ಕೊಟ್ಟ ಹೇಳಿಕೆಯ ಒಂದು ಮಾತು ಅವನ ಕಿವಿಯಲ್ಲಿತ್ತು. ಗುರುತು ಏನಾದರೂ ಇತ್ತೇ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದಳು: ಅಡಿಕೆ ಮರದಿಂದ ಬಿದ್ದು ಎಡಗೈ ಮುರಿದಿತ್ತು ಸರ್, ನಾಟಿ ವೈದ್ಯರು ಬಿದಿರು ಕಟ್ಟಿ ಸರಿ ಮಾಡಿದ್ರು, ಆದ್ರೆ ಸ್ವಲ್ಪ ಸೊಟ್ಟ ಉಳಿಯಿತು. ಅನ್ನ ಬಡಿಸುವಾಗ ಬಟ್ಟಲು ಸರಿಯಾಗಿ ಹಿಡೀಲಿಕ್ಕೆ ಆಗ್ತಿರ್ಲಿಲ್ಲ.

“ಇದು ಎಲ್ಲಿತ್ತು?”

“ಎಲ್ಲದರ ಮೇಲೆ. ಬಾಯಿಯ ನೇರ ಕೆಳಗೆ. ಫೋಟೋ ಉಂಟು.” ಅವಳು ತೋರಿಸಿದಳು. “ಒಂದು ಹನಿ ಬಿದ್ದಿದ್ರೂ ಮೊದಲು ಒದ್ದೆಯಾಗಬೇಕಾದ್ದು ಇದು. ಆಗ್ಲಿಲ್ಲ. ಅಂದ್ರೆ ಇದು ಒಳಗೆ ಬಂದದ್ದು ಕೊನೆಯ ತನು ಎರೆದ ಮೇಲೆ.”

ಕೊನೆಯ ತನು ಎರೆದದ್ದು ನಾಗನನ್ನು ಎತ್ತಿದ ದಿನ. ಅದು ಬೋಜಪ್ಪ ಕಾಣೆಯಾಗಿ ಎಷ್ಟೋ ವರ್ಷಗಳ ನಂತರ. ಬಾಯಿಗೆ ಕಲ್ಲು ಮುಚ್ಚಿ ಸಿಮೆಂಟು ಹಾಕಿದ್ದೂ ಅದೇ ದಿನ ಎಂದು ಮೇದಪ್ಪನ ಹೇಳಿಕೆಯಲ್ಲಿತ್ತು. ಆ ಗುಹೆ ಬಾಯಿ ತೆರೆದುಕೊಂಡಿದ್ದದ್ದು ಒಂದೇ ಹಗಲು.

ಆ ಹಗಲಿನಲ್ಲಿ ಯಾರೋ ಬೋಜಪ್ಪನ ಕೈಯನ್ನು ತಂದು ಒಳಗೆ ಹಾಕಿದ್ದರು.

“ಅವತ್ತು ಯಾರ್ಯಾರು ಇದ್ರು ಅಂತ ಅಪ್ಪನಿಗೆ ಗೊತ್ತಿರ್ತದೆ,” ಎಂದಳು ಅನಘಾ.

“ನೀವೂ ಬನ್ನಿ.”

“ನಾನು ಬಂದ್ರೆ ಅವರು ನಿಮಗೆ ಉತ್ತರ ಹೇಳುದು ಬಿಟ್ಟು ನಂಗೆ ಊಟ ಆಯ್ತಾ ಕೇಳ್ತಾರೆ. ನೀವು ಹೋಗಿ. ಮೆಟ್ಟಿಲು ಇಳಿಸಿ ನಿಲ್ಲಿಸ್ಬೇಡಿ, ಮಂಡಿ ನೋವುಂಟು. ಅದಕ್ಕೇ ನಾಗನ ಕೆಲಸ ಬಿಟ್ಟು ಇಪ್ಪತ್ತು ವರ್ಷ ಆಯ್ತು.”

*

ಕುಂಬ್ರದ ಪೇಟೆ ದಾಟಿ ಒಳರಸ್ತೆಗೆ ತಿರುಗಿದರೆ ಮೂರನೆಯ ಮನೆ. ರಾಮಪ್ರಸಾದ ಭಟ್ಟರು ಜಗಲಿಯ ನೆಲದಲ್ಲಿ ಪದ್ಮಾಸನ ಹಾಕಿ ಬಾಳೆಲೆ ಕೊಯ್ದು ಜೋಡಿಸುತ್ತಿದ್ದರು. ಜೀಪು ಕಂಡು, ನೆಲಕ್ಕೆ ಕೈ ಊರದೆ ಎದ್ದು ನಿಂತರು.

“ಬನ್ನಿ ಇನ್ಸ್‌ಪೆಕ್ಟ್ರೇ. ಆಸರಿಗೆ ಎಂತ ಕುಡೀತೀರಿ?”

“ಏನೂ ಬೇಡ ಭಟ್ರೇ. ಮಂಡಿ ನೋವು ಹೇಗುಂಟು?”

“ಯಾವ ಮಂಡಿ?” ಎಂದರು ಭಟ್ಟರು. ಆಮೇಲೆ, “ಹಾಂ. ಉಂಟು. ಗುಡ್ಡೆ ಹತ್ತುವಾಗ.”

ತೀರ್ಥರಾಮ ಅದನ್ನು ನಗುವ ವಿಷಯಗಳ ಜೊತೆ ಇಟ್ಟುಕೊಂಡ. ಪೂಜೆಯ ಕರೆ ತಪ್ಪಿಸಲು ಭಟ್ಟರಿಗೊಂದು ಮಂಡಿ ಬೇಕು, ಬಂದೋಬಸ್ತು ತಪ್ಪಿಸಲು ಪೊಲೀಸರಿಗೊಂದು ಬೆನ್ನು ಬೇಕು.

“ಮಗಳು ಫೋನು ಮಾಡಿದ್ಲು,” ಎಂದರು ಭಟ್ಟರು, ಮತ್ತೆ ಕುಳಿತು. “ನಾವು ಎರೆದ ಹಾಲೆಲ್ಲ ಯಾರದೋ ಎಲುಬಿಗೆ ಹೋಯ್ತಂತೆ. ನಗುದಾ, ಅಳುದಾ ಹೇಳಿ. ನಾಗನಿಗೆ ಮುಟ್ಲಿಲ್ಲ ಅಂತ ಆಯ್ತಾ?”

“ಮುಟ್ಟಿರ್ತದೆ. ಮಿಕ್ಕಿದ್ದು ಕೆಳಗೆ ಹೋಗಿರ್ತದೆ.”

“ಪೊಲೀಸರ ಬಾಯಲ್ಲಿ ಇಷ್ಟು ಸಮಾಧಾನದ ಮಾತು ನಾನು ಕೇಳಿದ್ದಿಲ್ಲ.” ಕತ್ತಿ ಎಲೆಯ ದಂಟನ್ನು ಸೀಳಿತು. “ಕೇಳಿ, ಎಂತ ಬೇಕು?”

“ನಾಗನನ್ನು ಎತ್ತಿದ ದಿನ ಪೂಜೆ ಮಾಡಿದ್ದು ನೀವಾ?”

“ಅಲ್ಲ. ಅಷ್ಟು ದೊಡ್ಡ ಕೆಲಸ ನನ್ನಿಂದ ಆಗುದಲ್ಲ. ತಂತ್ರಿಗಳು ಬಂದಿದ್ರು. ನಾನು ಸುಮ್ಮನೆ ನೋಡ್ಲಿಕ್ಕೆ ಹೋದದ್ದು.”

“ಕಲ್ಲೆತ್ತಿದ ಮೇಲೆ?”

“ತೂತು ಕಂಡಿತು. ಬಗ್ಗಿ ನೋಡದವರಿಲ್ಲ. ಆಮೇಲೆ ಎಲ್ಲರೂ ಊಟಕ್ಕೆ ಹೋದ್ರು. ಊಟ ಆದ ಮೇಲೆ ಮೇದಪ್ಪನೇ ನಿಂತು ಸಿಮೆಂಟು ಹಾಕಿಸಿದ್ದು.”

“ಊಟದ ಹೊತ್ತಿಗೆ ಬನದಲ್ಲಿ ಯಾರೂ ಇರ್ಲಿಲ್ಲ?”

“ನಮ್ಮೂರಲ್ಲಿ ಊಟದ ಹೊತ್ತಿಗೆ ಎಲೆಯ ಹತ್ತಿರ ಬಿಟ್ಟು ಬೇರೆ ಎಲ್ಲಿ ಇರ್ತಾರೆ ಮಾರಾಯ್ರೆ?”

ಇಷ್ಟಕ್ಕೆ ಮಾತು ಮುಗಿಯಬೇಕಿತ್ತು. ಇಡೀ ಊರು ಬಗ್ಗಿ ನೋಡಿದ ತೂತು. ಇಡೀ ಊರು ಊಟಕ್ಕೆ ಹೋದ ಹೊತ್ತು. ಯಾರು ಹಾಕಿದರೆಂದು ಹೇಗೆ ಹುಡುಕುವುದು? ತೀರ್ಥರಾಮ ಜೋಡಿಸಿದ ಎಲೆಗಳನ್ನೇ ನೋಡುತ್ತ ಕುಳಿತಿದ್ದ. ನೋಡುತ್ತಿದ್ದಂತೆ ಅಜ್ಜಿ ತೀರಿಕೊಂಡ ವರ್ಷ ನೆನಪಾಯಿತು. ಆ ಸಲ ಬೊಜ್ಜ ಮುಗಿಯುವ ಮೊದಲೇ ಪಂಚಮಿ ಬಂದಿತ್ತು. ಚೆಂಬು ಹಿಡಿದು ಹೊರಟವನನ್ನು ಅಜ್ಜ ಅಂಗಳದಲ್ಲೇ ತಡೆದಿದ್ದರು.

“ಭಟ್ರೇ, ಒಂದು ಬೇರೆ ಮಾತು. ಪ್ರಸಾದ ತೆಗೆದುಕೊಳ್ಳದೆ ಇದ್ದವರು ಯಾರಾದ್ರೂ ಇದ್ರಾ?”

ಕತ್ತಿ ನಿಂತಿತು.

ಭಟ್ಟರಿಗೆ ವಿವರಿಸುವ ಅಗತ್ಯವಿರಲಿಲ್ಲ. ಮನೆಯಲ್ಲಿ ಸಾವಾದರೆ ಬೊಜ್ಜ ಮುಗಿಯುವ ತನಕ ಸೂತಕ. ಸೂತಕದವರು ನಾಗನ ಬನಕ್ಕೆ ಕಾಲಿಡುವುದಿಲ್ಲ, ಪ್ರಸಾದಕ್ಕೆ ಕೈ ಚಾಚುವುದಿಲ್ಲ. ಬೋಜಪ್ಪನ ಬೊಜ್ಜ ಆಗಲೇ ಇಲ್ಲ. ಅವನು ಬದುಕಿದ್ದಾನೆ ಎಂದು ನಂಬಿದವರಿಗೆ ಸೂತಕವಿಲ್ಲ. ಸತ್ತಿದ್ದಾನೆ ಎಂದು ಗೊತ್ತಿದ್ದ ಮನೆಯವರಿಗೆ ಆ ಸೂತಕ ಇವತ್ತಿಗೂ ಕಳೆದಿಲ್ಲ. ಪೊಲೀಸರಿಗೆ ಸುಳ್ಳು ಹೇಳುವವರು ಬೇಕಾದಷ್ಟಿದ್ದಾರೆ. ನಾಗನಿಗೆ ಸುಳ್ಳು ಹೇಳಿ ಕೈಯೊಡ್ಡುವ ಧೈರ್ಯ ಈ ಸೀಮೆಯಲ್ಲಿ ಕೊಲೆಗಾರರಿಗೂ ಕಡಿಮೆ.

“ಪೂಜೆ ಬಿಟ್ರೂ ಪಂಚಮಿಗೆ ನಾನು ಹೋಗ್ತೇನೆ. ಮೇದಪ್ಪ ಪ್ರತಿ ವರ್ಷ ಎರಡು ಕೈಯಲ್ಲಿ ತೆಗೆದುಕೊಂಡಿದ್ದಾನೆ,” ಎಂದರು ಭಟ್ಟರು ನಿಧಾನವಾಗಿ. “ತಮ್ಮ ಬರ್ಲಿ ಅಂತ ನಾಗನಿಗೆ ಹರಕೆ ಬೇರೆ. ಅವತ್ತೂ ತೆಗೆದುಕೊಂಡ.”

“ಮತ್ತೆ?”

“ಮತ್ತೆ ಎಲ್ಲರೂ.”

“ಎಲ್ಲರೂ?”

ಭಟ್ಟರು ಒಂದು ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಹರಿದಿರಲಿಲ್ಲ. ಆದರೂ ಬದಿಗಿಟ್ಟರು.

“ಸೇವಂತಿ ಇಲ್ಲ. ಗಂಡ ಹೋದ ವರ್ಷದಿಂದ ಅವಳು ಬನದ ಒಳಗೆ ಬಂದದ್ದೇ ಇಲ್ಲ. ಪಾಗಾರದ ಹೊರಗೆ ನಿಲ್ಲುದು. ಕೇಳಿದ್ರೆ ಮುಟ್ಟು ಅಂತ.”

“ಪ್ರತಿ ನಾಗರಪಂಚಮಿಗೂ?”

“ಪಂಚಾಂಗ ನೋಡಿ ಮುಟ್ಟಾಗುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಆದ್ರೆ ಅದನ್ನು ವಿಚಾರಿಸುದು ಭಟ್ಟನ ಕೆಲಸ ಅಲ್ಲ.”

“ನಾಗನನ್ನು ಎತ್ತಿದ ದಿನ?”

“ಅವತ್ತೂ ಹೊರಗೇ.” ಭಟ್ಟರ ದನಿ ಇಳಿಯಿತು. “ಶಬ್ದ ಆಗ್ಬಾರದು ಅಂತ ಬಾಯಿಗೆ ಸೆರಗು ತುರುಕಿಕೊಂಡು ಅಳ್ತಿದ್ಲು, ಪಾಪ. ಗಂಡ ಬರ್ಲಿ ಅಂತ ಕಾಯುವವರು ಹಾಗೆ ಅಳುದಿಲ್ಲ ಇನ್ಸ್‌ಪೆಕ್ಟ್ರೇ. ಅದು ಬೇರೆ ಅಳು.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನಿಮ್ಮವರು ಬಂದು ಕೇಳಿದ್ದು ಬೋಜಪ್ಪನನ್ನು ನೋಡಿದ್ದೀರಾ ಅಂತ. ಪ್ರಸಾದ ಯಾರು ಬಿಟ್ರು ಅಂತ ಯಾರೂ ಕೇಳ್ಲಿಲ್ಲ.”

ಪೊಲೀಸರ ಮೇಲೆ ಬಂದ ದೂರುಗಳಲ್ಲಿ ಇಂಥದ್ದು ಇದುವರೆಗೆ ಇರಲಿಲ್ಲ. ತೀರ್ಥರಾಮ ಎದ್ದ.

*

ವಾಪಸು ಬರುವ ದಾರಿಯಲ್ಲಿ ಅವನಿಗೆ ಸೇವಂತಿಯದೇ ಯೋಚನೆ. ಸೇವಂತಿಯ ಸಹನೆಯನ್ನು ಹೊಗಳುವುದು ಮರ್ಕಂಜದಲ್ಲಿ ಒಂದು ಸಂಪ್ರದಾಯವೇ ಆಗಿತ್ತು. ಮದುವೆ ಮನೆಯಲ್ಲಿ ಅವಳ ಕರಿಮಣಿ ತೋರಿಸಿ ಹೊಸ ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದರು. ಅವನ ಅಮ್ಮನೂ ಹೇಳಿದ್ದುಂಟು.

ಜೀಪಿನ ಡ್ಯಾಶ್‌ಬೋರ್ಡಿನಲ್ಲಿ, ವಿಮೆಯ ಕಾಗದದ ಪಕ್ಕ, ಹೆಂಡತಿ ಕುಕ್ಕೆಯಿಂದ ತಂದಿಟ್ಟ ಮೃತ್ತಿಕೆಯ ಪೊಟ್ಟಣವಿತ್ತು. ಸುಬ್ರಹ್ಮಣ್ಯನ ಹುತ್ತದ ಮಣ್ಣು, ನಾಗನ ಪ್ರಸಾದ. ಇಳಿಯುವಾಗ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಠಾಣೆಯಲ್ಲಿ ಇಬ್ಬರೂ ಹಾಗೆಯೇ ಕುಳಿತಿದ್ದರು, ಎದುರುಬದುರು. ಅನಘಾ ಮುಂಗೈ ಎಲುಬಿನ ಪೆಟ್ಟಿಗೆಗೆ ಮೊಹರು ಹಾಕಿಸಲು ಬಂದು ಮೇಜಿನ ಪಕ್ಕದಲ್ಲಿ ನಿಂತಿದ್ದಳು.

ತೀರ್ಥರಾಮ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟ.

“ಕುಕ್ಕೆಯ ಮೃತ್ತಿಕೆ. ಮೇದಪ್ಪಣ್ಣ, ತೆಕ್ಕೊಳ್ಳಿ.”

ಮೇದಪ್ಪ ಚಪ್ಪಲಿ ಬಿಟ್ಟು ಎದ್ದು ಬಂದ. ಎರಡೂ ಕೈ ಒಡ್ಡಿ ತೆಗೆದುಕೊಂಡ. ಕಣ್ಣಿಗೊತ್ತಿ, ಹಣೆಗೆ ಹಚ್ಚಿ, ಉಳಿದ ಚೂರನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡ.

“ಸೇವಂತಕ್ಕ.”

ಅವಳು ಏಳಲಿಲ್ಲ. ಬಲಗೈ ಸೆರಗಿನ ಅಡಿಗೆ ಹೋಯಿತು. ಎಡಗೈ ಅದನ್ನು ಮೇಲಿನಿಂದ ಹಿಡಿದುಕೊಂಡಿತು, ಅದು ತಾನಾಗಿ ಚಾಚೀತು ಎಂಬ ಹೆದರಿಕೆ ಇದ್ದ ಹಾಗೆ.

“ನಂಗೆ ಬೇಡ ಸರ್.”

“ಮುಟ್ಟಾ?”

“ಅದು ನಿಂತು ಮೂರು ವರ್ಷ ಆಯ್ತು.”

ಮೇದಪ್ಪ ತಮ್ಮನ ಹೆಂಡತಿಯನ್ನು ನೋಡಿದ. ಅವಳ ಸೆರಗನ್ನು ನೋಡಿದ. ಅವನ ಮುಖದಲ್ಲಿ ಒಂದೊಂದೇ ವರ್ಷ ಹಿಂದಕ್ಕೆ ಹೋಗುವುದು ಕಾಣಿಸಿತು: ಪ್ರತಿ ಪಂಚಮಿ, ಪ್ರತಿ ಪಾಗಾರ, ಪ್ರತಿ ಹೊಸ ಅಕ್ಕಿಯ ಎಲೆ. ಬೆಳಗಿನಿಂದ ಆ ಠಾಣೆಯಲ್ಲಿ ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾಗಿದ್ದದ್ದು “ನಂಗೆ ಗೊತ್ಲೆ” ಎಂಬ ಅವನ ಆ ಎರಡು ಪದಗಳು ಮಾತ್ರ.

“ಸೇವಂತೀ,” ಎಂದ.

“ನಿಮಗೆ ಗೊತ್ತಿತ್ತು,” ಎಂದ ತೀರ್ಥರಾಮ. “ಗೊತ್ತಿದ್ದೂ ಬೆಳಿಗ್ಗೆ ನನ್ನ ಹತ್ರ ಕೇಳಿದ್ರಿ. ತೆಗೆಯುದಾ ಬೇಡ್ವಾ ಅಂತ.”

“ಗೊತ್ತಿದ್ರೆ ಸಾಕಾಗುದಿಲ್ಲ ಸರ್. ಯಾರಾದ್ರೂ ಹೇಳ್ಬೇಕು. ನಾನೇ ತೆಗೆದ್ರೆ ನಿಂಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರಲ್ಲ.” ಅವಳು ಕರಿಮಣಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. “ಇಪ್ಪತ್ತು ವರ್ಷ ಕಾದದ್ದು ಅವರು ಬರ್ಲಿ ಅಂತ ಅಲ್ಲ. ಹೇಳುವವರು ಬರ್ಲಿ ಅಂತ.”

“ಆ ಎಲುಬು ಅಲ್ಲಿ ಹಾಕಿದ್ದು ನೀವಾ?”

“ನಾನು ಬನದ ಒಳಗೆ ಕಾಲಿಡುದಿಲ್ಲ ಅಂತ ಈಗಷ್ಟೇ ನೀವೇ ಕಂಡುಹಿಡಿದ್ರಲ್ಲ.”

ಅದು ಸರಿಯಾಗಿತ್ತು. ಯಾವ ತರ್ಕದಿಂದ ಅವಳನ್ನು ಹಿಡಿದಿದ್ದನೋ ಅದೇ ತರ್ಕ ಅವಳನ್ನು ಬಿಡಿಸಿಯೂ ಬಿಟ್ಟಿತ್ತು.

“ಪ್ರಸಾದದ ವಿಷಯ ನಿಮಗೆ ಹೇಳಿದ್ದು ಯಾರು?” ಅವಳು ಕೇಳಿದಳು. “ಭಟ್ರಾ?”

“ಹೌದು.”

“ನಾನು ಅತ್ತದ್ದೂ ಹೇಳಿದ್ರಾ?”

“ಹೇಳಿದ್ರು. ಶಬ್ದ ಆಗ್ಬಾರದು ಅಂತ ಬಾಯಿಗೆ ಸೆರಗು ತುರುಕಿಕೊಂಡು.”

ಸೇವಂತಿ ಮೊದಲ ಬಾರಿಗೆ ಅನಘಾಳ ಕಡೆ ನೋಡಿದಳು. ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದ ಹುಡುಗಿಯ ಗುರುತು ಸಿಕ್ಕಿರಬೇಕು. ಹೇಳಲೋ ಬೇಡವೋ ಎಂದು ಆ ಮುಖದಲ್ಲಿ ಸ್ವಲ್ಪ ಹೊತ್ತು ಹುಡುಕಿದಳು.

“ಆ ಪಾಗಾರ ಆಳೆತ್ತರ ಉಂಟು ಸರ್,” ಎಂದಳು ಕೊನೆಗೆ. “ಶಬ್ದ ಮಾಡದೆ ಅತ್ತದ್ದು ಒಳಗಿದ್ದವರಿಗೆ ಕಾಣುದೂ ಇಲ್ಲ, ಕೇಳುದೂ ಇಲ್ಲ. ಅವತ್ತು ಹೊರಗೆ ನಿಂತದ್ದು ನಾನೊಬ್ಬಳೇ ಅಲ್ಲ.”

ರಾಮಪ್ರಸಾದ ಭಟ್ಟರು ಬೋಜಪ್ಪನಿಗೆ ದಾಯಾದಿಯಲ್ಲ, ನೆಂಟರಲ್ಲ. ಆ ಸೂತಕ ಅವರಿಗೆ ತಟ್ಟುವುದಿಲ್ಲ. ಹಾಗಿದ್ದರೆ ನಾಗನ ಎದುರು ನಿಲ್ಲಲಾಗದ ಮೈಲಿಗೆ ಅವರಿಗೆ ಎಲ್ಲಿಂದ ಬಂತು? ಕಲ್ಲನ್ನು ಎತ್ತಿಕೊಂಡು ಹೋದ ಮೇಲೆ, ಊರು ಊಟಕ್ಕೆ ಕೂತ ಹೊತ್ತಿಗೆ, ಆ ಬನದಲ್ಲಿ ಅವರು ಹೆದರಬೇಕಾದ ನಾಗನೂ ಇರಲಿಲ್ಲ. ಯಾವ ಮಂಡಿ, ಎಂದು ಕೇಳಿದ ದನಿ ತೀರ್ಥರಾಮನ ಕಿವಿಯಲ್ಲಿ ಇನ್ನೊಮ್ಮೆ ಕೇಳಿಸಿತು. ಈ ಸಲ ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಮೇಜಿನ ಮೇಲಿನ ಮೃತ್ತಿಕೆಗೆ ಅಭ್ಯಾಸಬಲದಿಂದ ಚಾಚಿದ್ದ ಅನಘಾಳ ಕೈ ಅರ್ಧ ದಾರಿಯಲ್ಲಿ ನಿಂತಿತ್ತು.